ಕೊಂಬಿನ ಟೋಪಿ ಬಿಡಿ, ಲಟ್ಟಣಿಗೆ ನೋಡಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣೀಲಿ ಅಮೆರಿಕದ ಸ್ಕ್ಯಾಂಡಿನೇವಿಯನ್ (ನಾರ್ವೆ, ಸ್ವೀಡನ್, ಡೆನ್ಮಾರ್ಕ್ ಕಡೆಯಿಂದ ವಲಸೆ ಬಂದವರ) ಹಬ್ಬಗಳ ಬಗ್ಗೆ ಬಂದ ಲೇಖನಾನ ಇಲ್ಲಿ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ಕೂತ್ಕೊಂಡು ಫೋನಲ್ಲೇ ಓದಿದೆ. ನಾನಿರೋ ಜಾಗದ ಸುದ್ದಿ ಕನ್ನಡದಲ್ಲಿ ಬಂತಲ್ಲ ಅಂತ ಖುಷಿಯಾಗಿದ್ದು ನಿಜ, ಆದ್ರೆ ಮೊದಲನೇ ಫೋಟೋ ನೋಡ್ತಿದ್ದ ಹಾಗೇ ತಲೆ ಬಿಸಿಯಾಯ್ತು. ಕೊಂಬಿರೋ ಟೋಪಿ ಹಾಕ್ಕೊಂಡು ಬಿಯರ್ ಮಗ್ ಎತ್ತಿ ಹಿಡಿದಿರೋ ಒಬ್ಬ ದಪ್ಪ ಮನುಷ್ಯ, ಕೆಳಗೆ ‘ಸಾಂಪ್ರದಾಯಿಕ ಉಡುಗೆಯಲ್ಲಿ ವೈಕಿಂಗ್ ವಂಶಸ್ಥ’ ಅಂತ ಬರೆದಿದ್ರಿ. ಬರೆಯೋದಾ ಬೇಡ್ವಾ ಅಂತ ನಾಲ್ಕು ದಿನ ಸುಮ್ನಿದ್ದೆ, ಆಮೇಲೆ ತಡೀಲಿಲ್ಲ. ಉದ್ದ ಆಗತ್ತೆ, ಕತ್ತರಿಸೋದಿದ್ರೆ ಕತ್ತರಿಸಿ, ಆದ್ರೆ ಲೆಫ್ಸೆ ಅನ್ನೋ ರೊಟ್ಟಿಯ ಭಾಗ ಮಾತ್ರ ಬಿಡಬೇಡಿ.

ಮೊದಲು ಆ ಕೊಂಬಿನ ವಿಷಯ ಮುಗಿಸಿಬಿಡ್ತೀನಿ. ವೈಕಿಂಗ್‌ಗಳು, ಅಂದ್ರೆ ಸಾವಿರ ವರ್ಷದ ಹಿಂದಿನ ಸ್ಕ್ಯಾಂಡಿನೇವಿಯಾದ ಕಡಲುಗಾರರು, ಕೊಂಬಿನ ಶಿರಸ್ತ್ರಾಣ ಹಾಕ್ತಿದ್ರು ಅನ್ನೋದಕ್ಕೆ ಪುರಾವೆನೇ ಇಲ್ಲ. 1943ರಲ್ಲಿ ನಾರ್ವೆಯ ಯೆರ್ಮುಂಡ್‌ಬು ಅನ್ನೋ ಕಡೆ ನೆಲದಲ್ಲಿ ಸಿಕ್ಕಿದ ಆ ಕಾಲದ ಶಿರಸ್ತ್ರಾಣ ನೋಡಿ, ದುಂಡಗಿನ ಕಬ್ಬಿಣದ ಬಟ್ಟಲು ಥರ ಇದೆ, ಕಣ್ಣಿನ ಹತ್ರ ಕನ್ನಡಕದ ಹಾಗೆ ಒಂದು ಪಟ್ಟಿ, ಅಷ್ಟೇ, ಕೊಂಬು ಗಿಂಬು ಏನಿಲ್ಲ. ಕೊಂಬು ಜನಪ್ರಿಯ ಆಗಿದ್ದು 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ವಾಗ್ನರ್‌ನ ಒಪೆರಾಗೆ ಡೋಪ್ಲರ್ ಅನ್ನೋ ವೇಷಭೂಷಣ ಕಲಾವಿದ ಪಾತ್ರಗಳ ತಲೆಗೆ ಕೊಂಬು ಸಿಗಿಸಿದ ಮೇಲೆ. ಅಂದ್ರೆ ನೀವು ಹಾಕಿದ್ದು ನಾಟಕದ ಪ್ರಾಪರ್ಟಿಯ ಫೋಟೋ. ಇಲ್ಲಿನ ಹಬ್ಬಗಳಲ್ಲಿ ಪ್ಲಾಸ್ಟಿಕ್ ಕೊಂಬು ಮಾರ್ತಾರೆ, ನಿಜ, ಮಕ್ಕಳು ಕೊಳ್ತಾರೆ, ದೊಡ್ಡೋರೂ ಕೊಳ್ತಾರೆ, ಹಬ್ಬ ನಡೆಸೋ ಅಜ್ಜಿಯರು ಅದನ್ನ ನೋಡಿ ಮುಖ ಸಿಂಡರಿಸ್ತಾರೆ, ಆದ್ರೂ ಮಾರೋರನ್ನ ಓಡಿಸಲ್ಲ, ಯಾಕಂದ್ರೆ ಸ್ಟಾಲ್ ಬಾಡಿಗೆ ಬರಬೇಕಲ್ಲ.

ಆದ್ರೆ ನಾನು ಪತ್ರ ಬರೀತಿರೋದು ಕೊಂಬಿಗಲ್ಲ. ಲೇಖನದಲ್ಲಿ ಒಂದು ಮಾತಿತ್ತು, ಈ ಜನ ಇನ್ನೂರು ವರ್ಷದಿಂದ ತಮ್ಮ ಭಾಷೆ ಸಂಸ್ಕೃತಿ ಎರಡನ್ನೂ ಹಾಗೇ ಕಾಪಾಡ್ಕೊಂಡು ಬಂದಿದ್ದಾರೆ ಅಂತ. ಅದು ಸರಿಯಲ್ಲ ಸ್ವಾಮಿ. ಭಾಷೆ ಹೋಗಿದೆ. ಹೋಗಿ ಎರಡು ಮೂರು ತಲೆಮಾರಾಯ್ತು. ಹಬ್ಬ ಉಳಿದಿದೆ, ಅದೂ ಹಾಗೇ ಉಳಿದಿದ್ದಲ್ಲ, ಒಂದು ಸಲ ಕೈಬಿಟ್ಟು ಆಮೇಲೆ ಹುಡುಕಿ ತಂದು ಕೂರಿಸಿದ್ದು. ನನಗೆ ಆಸಕ್ತಿ ಹುಟ್ಟಿಸಿದ್ದೇ ಇದು.

ನೀವು ಪತ್ರಿಕೆಯವರು ಅಂತ ಪತ್ರಿಕೆಯಿಂದಲೇ ಶುರು ಮಾಡ್ತೀನಿ. ಅಯೋವಾ ರಾಜ್ಯದ ಡೆಕೋರಾ ಅನ್ನೋ ಸಣ್ಣ ಊರಿಂದ ‘ಡೆಕೋರಾ ಪೋಸ್ಟೆನ್’ ಅಂತ ನಾರ್ವೇಜಿಯನ್ ಭಾಷೆಯ ಪತ್ರಿಕೆ ಬರ್ತಿತ್ತು, 1874ರಲ್ಲಿ ಶುರುವಾಗಿ 1972ರಲ್ಲಿ ನಿಂತುಹೋಯ್ತು. ಹೊಲದ ಮಧ್ಯ ಒಂಟಿ ಮನೆ ಕಟ್ಕೊಂಡಿದ್ದ ಸಂಸಾರಗಳಿಗೆ ಅಂಚೇಲಿ ಬರ್ತಿದ್ದ ಅದೇ ಊರು, ಅದೇ ನೆಂಟ್ರು. ಇಲ್ಲಿ ಮಿನಿಯಾಪೊಲಿಸ್‌ನಲ್ಲಿ ‘ಸ್ವೆನ್ಸ್ಕಾ ಅಮೆರಿಕಾನ್ಸ್ಕಾ ಪೋಸ್ಟೆನ್’ ಅಂತ ಸ್ವೀಡಿಷ್ ಪತ್ರಿಕೆ ಇತ್ತು, ಸ್ವಾನ್ ಟರ್ನ್‌ಬ್ಲಾಡ್ ಅನ್ನೋ ವಲಸೆಗಾರ ನಡೆಸ್ತಿದ್ದ, ಆ ಪತ್ರಿಕೆಯ ದುಡ್ಡಲ್ಲೇ ಪಾರ್ಕ್ ಅವೆನ್ಯೂ ಮೇಲೆ 33 ಕೋಣೆಯ ಅರಮನೆ ಕಟ್ಟಿಸಿದ (ಪತ್ರಿಕೆ ನಡೆಸಿ ಅರಮನೆ ಕಟ್ಟಿಸಿದ್ದು, ಮತ್ತೊಮ್ಮೆ ಓದಿ), 1929ರಲ್ಲಿ ಅದನ್ನ ಸಮುದಾಯಕ್ಕೆ ಬಿಟ್ಟುಕೊಟ್ಟ. ಅದೇ ಈಗ ಅಮೆರಿಕನ್ ಸ್ವೀಡಿಷ್ ಇನ್‌ಸ್ಟಿಟ್ಯೂಟ್. ಪತ್ರಿಕೆ 1940ರಲ್ಲಿ ಮುಚ್ಚಿತು, ಮನೆ ನಿಂತಿದೆ, ಡಿಸೆಂಬರ್‌ನಲ್ಲಿ ಅಲ್ಲಿ ಕೋಣೆಕೋಣೆಗೂ ಒಂದೊಂದು ನಾರ್ಡಿಕ್ (ಸ್ಕ್ಯಾಂಡಿನೇವಿಯಾ ಜೊತೆ ಫಿನ್‌ಲ್ಯಾಂಡ್, ಐಸ್‌ಲ್ಯಾಂಡ್ ಸೇರಿ) ದೇಶದ ಕ್ರಿಸ್‌ಮಸ್ ಅಲಂಕಾರ ಮಾಡ್ತಾರೆ, ಜನ ಟಿಕೆಟ್ ತಗೊಂಡು ನೋಡ್ತಾರೆ. ಓದುಗರು ಹೋದ್ರು, ನೋಡುಗರು ಬಂದ್ರು ಅನ್ನಬಹುದೇನೋ.

ಭಾಷೆ ತಾನಾಗೇ ಸವೆದುಹೋಯ್ತು ಅಂತ ಇಲ್ಲಿನ ಎಷ್ಟೋ ಜನ ಅಂದ್ಕೊಂಡಿದ್ದಾರೆ. ಪೂರ್ತಿ ಹಾಗಲ್ಲ. ಮೊದಲನೇ ಮಹಾಯುದ್ಧದ ಹೊತ್ತಲ್ಲಿ, 1918ರ ಮೇ 23ಕ್ಕೆ, ಅಯೋವಾದ ಗವರ್ನರ್ ವಿಲಿಯಂ ಹಾರ್ಡಿಂಗ್ ಒಂದು ಆದೇಶ ಹೊರಡಿಸಿದ್ರು, ಶಾಲೇಲಿ, ರೈಲಲ್ಲಿ, ಸಾರ್ವಜನಿಕ ಜಾಗದಲ್ಲಿ, ಟೆಲಿಫೋನಿನಲ್ಲಿ, ಕೊನೆಗೆ ಚರ್ಚಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದು ಅಂತ. ಸಿಟ್ಟಿದ್ದಿದ್ದು ಜರ್ಮನ್ ಮೇಲೆ, ಏಟು ಬಿದ್ದಿದ್ದು ಡೇನಿಷ್, ನಾರ್ವೇಜಿಯನ್, ಸ್ವೀಡಿಷ್ ಎಲ್ಲದಕ್ಕೂ. ಇಂಗ್ಲಿಷ್ ಬಾರದ ಮುದುಕಿ ಚರ್ಚಲ್ಲಿ ಪ್ರಾರ್ಥನೆ ಹೇಗೆ ಮಾಡಬೇಕು ಅಂತ ಯಾರೂ ಯೋಚಿಸಲಿಲ್ಲ. ಡಿಸೆಂಬರ್‌ನಲ್ಲಿ ಆದೇಶ ವಾಪಸ್ ಆಯ್ತು, ಆದ್ರೆ ಒಂದು ಸಲ ಅಂಥ ಹೆದರಿಕೆ ಮನೆಯೊಳಗೆ ಬಂದ್ರೆ ಅಪ್ಪ ಅಮ್ಮ ಏನು ಮಾಡ್ತಾರೆ ಹೇಳಿ, ಮಕ್ಕಳ ಹತ್ರ ಇಂಗ್ಲಿಷ್ ಮಾತಾಡ್ತಾರೆ, ತಾವಿಬ್ರೇ ಇದ್ದಾಗ ಗುಟ್ಟಿನ ವಿಷಯಕ್ಕೆ ಮಾತ್ರ ಹಳೇ ಭಾಷೆ. ಮಕ್ಕಳಿಗೆ ಅದು ಗುಟ್ಟಿನ ಭಾಷೆ ಅಂತಲೇ ಗೊತ್ತಿರೋದು.

ಇದಾಗಿ ಏಳೇ ವರ್ಷಕ್ಕೆ, 1925ರ ಜೂನ್‌ನಲ್ಲಿ, ಇದೇ ಮಿನ್ನೆಸೋಟ ಸ್ಟೇಟ್ ಫೇರ್ ಮೈದಾನದಲ್ಲಿ ನಾರ್ವೇಜಿಯನ್ನರ ಶತಮಾನೋತ್ಸವ ನಡೀತು. ಅಧ್ಯಕ್ಷ ಕ್ಯಾಲ್ವಿನ್ ಕೂಲಿಡ್ಜ್ ಖುದ್ದು ಬಂದು ಭಾಷಣ ಮಾಡಿದ್ರು, ಸರ್ಕಾರ 2 ಸೆಂಟಿನ ಮತ್ತು 5 ಸೆಂಟಿನ ಎರಡು ಅಂಚೆಚೀಟಿ ತಂದಿತು. ಶತಮಾನ ಲೆಕ್ಕ ಹಾಕಿದ್ದು ‘ರೆಸ್ಟೊರೇಶನ್’ ಅನ್ನೋ ಪುಟ್ಟ ಹಡಗಿನಿಂದ. 1825ರ ಜುಲೈ 4ಕ್ಕೆ ನಾರ್ವೆಯ ಸ್ಟಾವಾಂಗರ್ ಬಂದರು ಬಿಟ್ಟಾಗ ಅದರಲ್ಲಿ 52 ಜನ, ಅಕ್ಟೋಬರ್ 9ಕ್ಕೆ ನ್ಯೂಯಾರ್ಕ್ ಮುಟ್ಟಿದಾಗ 53, ದಾರೀಲಿ ಒಂದು ಕೂಸು ಹುಟ್ಟಿತ್ತು. ಆ ಗಾತ್ರದ ಹಡಗಿಗೆ ಅಷ್ಟು ಜನ ತುಂಬಿದ್ದು ಅಮೆರಿಕದ ಕಾನೂನಿಗೆ ವಿರುದ್ಧ, ಹಡಗನ್ನ ಹಿಡಿದಿಟ್ಟು ದಂಡ ಹಾಕಿದ್ರು, ಆಮೇಲೆ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಮಾಫಿ ಮಾಡಿದ್ರು. ನಾರ್ವೇಜಿಯನ್ ವಲಸೆಯ ಮೊದಲ ಅಧ್ಯಾಯವೇ ಓವರ್‌ಲೋಡ್ ಕೇಸು! ಇದನ್ನ ಇಲ್ಲಿನವರಿಗೆ ಹೇಳಿದ್ರೆ ಕೆಲವರು ನಗ್ತಾರೆ, ಕೆಲವರಿಗೆ ಇಷ್ಟ ಆಗಲ್ಲ. 2025ರಲ್ಲಿ ಇನ್ನೂರು ತುಂಬಿದಾಗ ಅದೇ ಥರದ ಹಡಗೊಂದು ಅದೇ ಜುಲೈ 4ಕ್ಕೆ ಸ್ಟಾವಾಂಗರ್ ಬಿಟ್ಟು ಅದೇ ಅಕ್ಟೋಬರ್ 9ಕ್ಕೆ ನ್ಯೂಯಾರ್ಕ್‌ಗೆ ಬಂತು. ಆ ದಿನಾಂಕ ಗಮನಿಸಿ. ಅಮೆರಿಕದಲ್ಲಿ ಲೀಫ್ ಎರಿಕ್ಸನ್ ದಿನ ಅಂತ ಆಚರಿಸೋದು ಅಕ್ಟೋಬರ್ 9ಕ್ಕೇ, ಆ ವೈಕಿಂಗ್ ನಾವಿಕ ಲೀಫ್ ಸಾವಿರ ವರ್ಷದ ಹಿಂದೆ ಈ ಖಂಡಕ್ಕೆ ಬಂದಿಳಿದ ದಿನ ಯಾರಿಗೆ ಗೊತ್ತು, ಓವರ್‌ಲೋಡ್ ಹಡಗು ಬಂದ ದಿನಾನೇ ಅವನಿಗೂ ಕೊಟ್ಟಿದ್ದಾರೆ.

ಇನ್ನು ಈಗಿನ ದೊಡ್ಡ ಹಬ್ಬಗಳ ವರ್ಷ ನೋಡ್ತಾ ಬನ್ನಿ. ಆರೆಗನ್‌ನ ಜಂಕ್ಷನ್ ಸಿಟಿದು 1961, ಡೆಕೋರಾದ ನಾರ್ಡಿಕ್ ಫೆಸ್ಟ್ 1967, ನಾರ್ತ್ ಡಕೋಟಾದ ಮೈನಾಟ್‌ನ ನಾರ್ಸ್ಕ್ ಹೋಸ್ಟ್‌ಫೆಸ್ಟ್ 1978. ಎಲ್ಲಾ ಮೊಮ್ಮಕ್ಕಳ ಕಾಲದ್ದು. 1937ರಲ್ಲೇ ಮಾರ್ಕಸ್ ಲೀ ಹ್ಯಾನ್ಸನ್ ಅನ್ನೋ ಇತಿಹಾಸಕಾರ (ಅಪ್ಪ ಡೇನಿಷ್, ಅಮ್ಮ ನಾರ್ವೇಜಿಯನ್) ಒಂದು ಭಾಷಣದಲ್ಲಿ ಹೇಳಿದ್ದು ಇದನ್ನೇ, ಮಗ ಮರೀಬೇಕು ಅಂತ ಒದ್ದಾಡಿದ್ದನ್ನ ಮೊಮ್ಮಗ ನೆನಪಿಟ್ಕೋಬೇಕು ಅಂತ ಒದ್ದಾಡ್ತಾನೆ ಅಂತ. ಜಂಕ್ಷನ್ ಸಿಟಿಯ ಕಥೆ ಇನ್ನೂ ಮಜಾ, ಹೊಸ ಹೈವೇ ಊರನ್ನ ಬಿಟ್ಟು ಆಚೆ ಕಡೆಯಿಂದ ಹೋಯ್ತು, ಅಂಗಡಿಗಳಿಗೆ ಗಿರಾಕಿ ಇಲ್ಲ, ಏನಾದ್ರೂ ಮಾಡಬೇಕಲ್ಲ ಅಂತ ಯೋಚಿಸಿದಾಗ ಊರಲ್ಲಿ ಡೇನಿಷ್ ಸಂಸಾರಗಳು ಬೇಕಾದಷ್ಟಿವೆ ಅನ್ನೋದು ನೆನಪಾಯ್ತು. ಒಂದು ದಿನ ಡೆನ್ಮಾರ್ಕಿಗೆ, ಒಂದು ಫಿನ್‌ಲ್ಯಾಂಡಿಗೆ, ಒಂದು ನಾರ್ವೆಗೆ, ಒಂದು ಸ್ವೀಡನ್‌ಗೆ ಅಂತ ಹಂಚಿಬಿಟ್ರು. ಕ್ಯಾಲಿಫೋರ್ನಿಯಾದ ಸೋಲ್ವಾಂಗ್ ಕೂಡ ಹಾಗೇ, 1911ರಲ್ಲಿ ಡೇನಿಷ್ ಜನ ಕಟ್ಟಿದ ಊರು, 1936ರಿಂದ ಡೇನಿಷ್ ಡೇಸ್ ಹಬ್ಬ ಇದೆ, ಆದ್ರೆ ಈಗ ಕಾಣೋ ಗಾಳಿಗಿರಣಿ, ಮರದ ಪಟ್ಟಿ ಹೊಡೆದ ಗೋಡೆ ಇವೆಲ್ಲ ಹೆಚ್ಚಿನದು ಎರಡನೇ ಮಹಾಯುದ್ಧ ಆದ್ಮೇಲೆ ಟೂರಿಸ್ಟ್‌ಗಳು ಬರೋಕೆ ಶುರುವಾದ ಮೇಲಿನದ್ದು. ಇದರಲ್ಲಿ ಮೋಸ ಏನೂ ಇಲ್ಲ ಅಂತ ನನ್ನ ಅಭಿಪ್ರಾಯ. ಜಾತ್ರೆ ಅಂದ್ಮೇಲೆ ವ್ಯಾಪಾರ ಇರಲೇಬೇಕು.

ಪೂರಾ ಕಟ್ಟುಕತೆ ಹಬ್ಬಾನೂ ಒಂದಿದೆ ನೋಡಿ. ಸೇಂಟ್ ಊರ್ಹೋ ಅಂತ ಫಿನ್‌ಲ್ಯಾಂಡಿನ ಸಂತ, ಮಿಡತೆ ಓಡಿಸಿ ದ್ರಾಕ್ಷಿ ಬೆಳೆ ಉಳಿಸಿದನಂತೆ. ಫಿನ್‌ಲ್ಯಾಂಡಲ್ಲಿ ಯಾರಿಗೂ ಅವನ ಪರಿಚಯ ಇರಲಿಲ್ಲ, ಯಾಕಂದ್ರೆ ಅವನು ಹುಟ್ಟಿದ್ದೇ 1950ರ ದಶಕದಲ್ಲಿ ಉತ್ತರ ಮಿನ್ನೆಸೋಟದ ಒಂದು ಡಿಪಾರ್ಟ್‌ಮೆಂಟ್ ಸ್ಟೋರಿನ ತಮಾಷೆ ಮಾತಲ್ಲಿ. ಐರಿಷ್ ಜನಕ್ಕೆ ಮಾರ್ಚ್ 17ಕ್ಕೆ ಸೇಂಟ್ ಪ್ಯಾಟ್ರಿಕ್ ಇದ್ರೆ ನಮಗೆ 16ಕ್ಕೇ ಒಬ್ಬ ಇರಲಿ ಅಂತ. ಈಗ ಮೆನಾಗಾ ಅನ್ನೋ ಊರಲ್ಲಿ ಅವನ ಪ್ರತಿಮೆ ಇದೆ, ಹುಲ್ಲೆತ್ತೋ ಕವೆಗೋಲಿಗೆ ಚುಚ್ಚಿದ ದೊಡ್ಡ ಮಿಡತೆ ಸಮೇತ. ಫಿನ್ನರನ್ನ ಸ್ಕ್ಯಾಂಡಿನೇವಿಯನ್ ಅನ್ನಬಾರದು, ನಾರ್ಡಿಕ್ ಅನ್ನಬೇಕು ಅಂತ ಗೊತ್ತಿದ್ದೋರು ತಿದ್ದುತ್ತಾರೆ, ಹಬ್ಬದ ಟೆಂಟಲ್ಲಿ ಮಾತ್ರ ಎಲ್ಲಾ ಒಂದೇ.

ಈಗ ಲೆಫ್ಸೆಗೆ ಬರ್ತೀನಿ.

ನಮ್ಮ ಪಕ್ಕದ ಮನೆ ಅಜ್ಜಿ ನಾರ್ವೇಜಿಯನ್ ಮೂಲದವರು, ಅವರ ಅಜ್ಜಂದಿರು ಬಂದವರು. ನಾವು ಈ ಬೀದಿಗೆ ಬಂದ ಮೊದಲನೇ ವರ್ಷ ಅಕ್ಟೋಬರ್‌ನಲ್ಲಿ ಬಾಗಿಲು ತಟ್ಟಿ, ನಿಮ್ಮ ಮನೇಲಿ ರೊಟ್ಟಿ ಲಟ್ಟಿಸೋದು ಕಿಟಕೀಲಿ ಕಾಣತ್ತೆ, ನಮ್ಮ ಚರ್ಚಿಗೆ ಜನ ಸಾಲ್ತಿಲ್ಲ, ಬರ್ತೀರಾ ಅಂದ್ರು. ನನ್ನ ಹೆಂಡತಿ ನನ್ನ ಕಡೆ ನೋಡಿದ್ಲು. ನಮ್ಮನೇಲಿ ಲಟ್ಟಿಸೋನು ನಾನು. ಹೀಗೆ ನಾನು ಒಂದು ಲುಥೆರನ್ ಚರ್ಚಿನ ನೆಲಮಾಳಿಗೇಲಿ ಹದಿನೈದು ಜನ ಅಜ್ಜಿಯರ ಮಧ್ಯ ಏಪ್ರನ್ ಕಟ್ಕೊಂಡು ನಿಂತೆ.

ಲೆಫ್ಸೆ ಅಂದ್ರೆ ಆಲೂಗಡ್ಡೆ ರೊಟ್ಟಿ. ಬೇಯಿಸಿದ ಆಲೂಗಡ್ಡೇನ ಒತ್ತು ಶ್ಯಾವಿಗೆ ಮಣೆ ಥರದ್ದರಲ್ಲಿ ಹಾಕಿ ಒತ್ತೋದು, ಒಂದು ಗಂಟು ಉಳಿಯಬಾರದು, ಅದಕ್ಕೆ ಬೆಣ್ಣೆ ಕ್ರೀಮು ಉಪ್ಪು, ಆಮೇಲೆ ರಾತ್ರಿಯೆಲ್ಲಾ ತಣ್ಣಗೆ ಇಡೋದು, ಬೆಳಿಗ್ಗೆ ಮೈದಾ ಸೇರಿಸಿ ಉಂಡೆ. ಮೈದಾ ಮೊದಲೇ ಸೇರಿಸಿದ್ರೆ ನೀರು ಬಿಟ್ಟು ಅಂಟಾಗಿ ಕೆಲಸ ಕೆಡತ್ತೆ. ಮಣೆಗೆ ಬಟ್ಟೆ ಬಿಗಿದಿರ್ತಾರೆ, ಲಟ್ಟಣಿಗೆಗೆ ಉದ್ದುದ್ದ ಗೀರು ಇರತ್ತೆ, ಅದಕ್ಕೂ ಕಾಲುಚೀಲದಂಥ ಬಟ್ಟೆ ತೊಡಿಸ್ತಾರೆ, ಹಿಟ್ಟು ಅಂಟಬಾರದು ಅಂತ. ಲಟ್ಟಿಸಿದ್ರೆ ಮಣೆ ಮೇಲಿನ ಬಟ್ಟೆಯ ಬರಹ ಹಿಟ್ಟಿನೊಳಗಿಂದ ಕಾಣಬೇಕು, ಅಷ್ಟು ತೆಳು. ಹಾಗೆ ತೆಳುವಾದದ್ದನ್ನ ಕೈಯಲ್ಲಿ ಎತ್ತೋಕಾಗಲ್ಲ, ಮೊಳ ಉದ್ದದ ಚಪ್ಪಟೆ ಕೋಲು ನಡುವೆ ತೂರಿಸಿ ಎತ್ತಿ, ದೊಡ್ಡ ದುಂಡು ಹೆಂಚಿನ ಮೇಲೆ ಬಿಚ್ಚೋದು. ನನ್ನ ಮೊದಲ ಮೂರು ಹರಿದುಹೋಯ್ತು. ನಾಲ್ಕನೇದು ನೋಡಿ ಒಬ್ಬ ಅಜ್ಜಿ ‘ಉಫ್ ದಾ’ ಅಂದ್ರು, ಅಂದ್ರೆ ನಮ್ಮ ‘ಉಸ್ಸಪ್ಪಾ’ ಅನ್ನೋದಕ್ಕೆ ಹತ್ರದ್ದು, ಹೊಗಳಿದ್ದೋ ಬೈದಿದ್ದೋ ಇವತ್ತಿಗೂ ಗೊತ್ತಿಲ್ಲ. ಬೆಣ್ಣೆ ಸಕ್ಕರೆ ಹಚ್ಚಿ ಸುರುಳಿ ಸುತ್ತಿ ತಿನ್ನೋದು. ಸಕ್ಕರೆ ಹಾಕಬೇಕಾ ಬೇಡ್ವಾ ಅಂತ ಸಂಸಾರಗಳು ಜಗಳ ಆಡ್ತವೆ.

ಅಲ್ಲಿ ನಿಂತಾಗಲೇ ನನಗೆ ಈ ಹಬ್ಬದ ಒಳಮನೆ ಕಂಡಿದ್ದು. ಆ ಹದಿನೈದು ಜನರಲ್ಲಿ ನಾರ್ವೇಜಿಯನ್ ಮಾತಾಡೋರು ಒಬ್ರೂ ಇರಲಿಲ್ಲ. ‘ಮಾಂಗೆ ತಾಕ್’ ಅಂದ್ರೆ ತುಂಬಾ ಥ್ಯಾಂಕ್ಸ್, ಉಫ್ ದಾ, ಮತ್ತೆ ‘ಈ ಯೇಸು ನಾವ್ನ್’ ಅಂತ ಶುರುವಾಗೋ ಊಟದ ಪ್ರಾರ್ಥನೆ, ಅದನ್ನ ಎಲ್ಲರೂ ಒಂದೇ ಉಸಿರಿಗೆ ಬಾಯಿಪಾಠ ಹೇಳ್ತಾರೆ, ಒಂದೊಂದು ಪದದ ಅರ್ಥ ಕೇಳಿದ್ರೆ ಮುಖಮುಖ ನೋಡ್ಕೋತಾರೆ. ಭಾಷೆ ಬಾಯಿಂದ ಹೋಗಿ ಕೈಯಲ್ಲಿ ಕೂತಿದೆ. ಹಿಟ್ಟು ಹದ ಬಂತಾ ಅನ್ನೋದನ್ನ ಬೆರಳಲ್ಲಿ ಒತ್ತಿ ಹೇಳ್ತಾರೆ, ಅದಕ್ಕೆ ಇಂಗ್ಲಿಷಲ್ಲೂ ಪದ ಇಲ್ಲ. ಮಿನಿಯಾಪೊಲಿಸ್‌ನಲ್ಲಿ ಮಿಂಡೆಶಿರ್ಕೆನ್ ಅಂತ 1922ರಲ್ಲಿ ಶುರುವಾದ ಚರ್ಚ್ ಒಂದಿದೆ, ಅಲ್ಲಿ ಮಾತ್ರ ಇವತ್ತಿಗೂ ನಾರ್ವೇಜಿಯನ್‌ನಲ್ಲಿ ಪ್ರಾರ್ಥನೆ ನಡೆಯತ್ತೆ, ಅಂಥದ್ದು ಅಪರೂಪ ಅಂತಲೇ ಅದು ಸುದ್ದಿ.

ಲೂಟಫಿಸ್ಕ್ ಬಗ್ಗೆ ನಿಮ್ಮ ಲೇಖಕರು ‘ರುಚಿಕರ ಮೀನಿನ ಖಾದ್ಯ’ ಅಂತ ಬರೆದಿದ್ದಾರೆ. ಅವರು ತಿಂದಿಲ್ಲ, ಗ್ಯಾರಂಟಿ. ಲೂಟ್ ಅಂದ್ರೆ ಕ್ಷಾರ, ಫಿಸ್ಕ್ ಅಂದ್ರೆ ಮೀನು. ಉತ್ತರ ನಾರ್ವೆಯ ಲೊಫೋಟೆನ್ ಕಡೆ ಕಾಡ್ ಮೀನನ್ನ ಉಪ್ಪು ಕೂಡ ಹಾಕದೆ ಮರದ ಚೌಕಟ್ಟಿಗೆ ನೇತು ಹಾಕಿ ಚಳಿಗಾಳೀಲಿ ಒಣಗಿಸ್ತಾರೆ, ಹಲಗೆ ಥರ ಆಗತ್ತೆ, ವರ್ಷಗಟ್ಟಲೆ ಕೆಡಲ್ಲ. ಆ ಹಲಗೇನ ದಿನಗಟ್ಟಲೆ ನೀರಲ್ಲಿ ನೆನೆಸಿ, ಕ್ಷಾರದ ನೀರಲ್ಲಿ ಮುಳುಗಿಸಿ (ಹಿಂದೆ ಮರದ ಬೂದಿ ನೀರು, ಈಗ ಕಾಸ್ಟಿಕ್ ಸೋಡಾ), ಅದು ಉಬ್ಬಿ ಲೋಳೆ ಥರ ಆದ್ಮೇಲೆ ಮತ್ತೆ ದಿನಗಟ್ಟಲೆ ನೀರು ಬದಲಾಯಿಸಿ ಬದಲಾಯಿಸಿ ಕ್ಷಾರ ತೆಗೆದು ಬೇಯಿಸೋದು. ನಾರ್ವೇಜಿಯನ್ನರು ಕರಗಿಸಿದ ಬೆಣ್ಣೆ ಹುಯ್ಕೋತಾರೆ, ಸ್ವೀಡಿಷರು ಬಿಳಿ ಸಾಸು. ಒಣಮೀನು ತಿಂದು ಬೆಳೆದವನು ನಾನು, ವಾಸನೆಗೆ ಹೆದರೋನಲ್ಲ, ಆದ್ರೆ ಇದು ಬಾಯಲ್ಲಿ ನಿಲ್ಲಲ್ಲ, ಜಾರತ್ತೆ. ಆದ್ರೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಚರ್ಚುಗಳಲ್ಲಿ ಲೂಟಫಿಸ್ಕ್ ಊಟ ಅಂದ್ರೆ ಜನ ಎಷ್ಟೋ ಮೈಲಿ ಕಾರಲ್ಲಿ ಬಂದು, ನಂಬರ್ ಚೀಟಿ ತಗೊಂಡು, ಚರ್ಚಿನ ಬೆಂಚಲ್ಲಿ ಕಾದು ಕೂತ್ಕೊಂಡು, ಸರದಿ ಬಂದಾಗ ಕೆಳಗಿಳಿದು ತಿಂತಾರೆ. ಬಡತನದ ಊಟ ಅದು, ಹಸಿ ಮೀನು ಸಿಗದ ಒಳನಾಡಿಗೆ ಬಂದ ಮೇಲೂ ಕೈಗೆ ಸಿಗ್ತಿದ್ದಿದ್ದು ಒಣಗಿದ್ದು ಮಾತ್ರ. ಮಿನ್ನೆಸೋಟದ ಮ್ಯಾಡಿಸನ್ ಅನ್ನೋ ಊರು ತನ್ನನ್ನ ಲೂಟಫಿಸ್ಕ್ ರಾಜಧಾನಿ ಅಂತ ಕರ್ಕೊಂಡು ದೊಡ್ಡ ಫೈಬರ್‌ಗ್ಲಾಸ್ ಮೀನು ನಿಲ್ಲಿಸಿದೆ.

ಡೇನಿಷ್ ಜನರ ಏಬ್ಲೆಸ್ಕಿವರ್ ನೋಡಿದ್ರೆ ನಿಮಗೆ ನಗು ಬರತ್ತೆ. ಥೇಟ್ ಪಡ್ಡು. ಹಂಚು ಕೂಡ ಅದೇ, ಕಬ್ಬಿಣದ್ದು, ಏಳು ಗುಳಿ, ತಿರುಗಿಸೋಕೆ ಹೆಣಿಗೆ ಕಡ್ಡಿ. ಹಿಟ್ಟು ಮಾತ್ರ ಬೇರೆ, ಮೈದಾ ಮೊಟ್ಟೆ ಮಜ್ಜಿಗೆ, ಮೇಲೆ ಪುಡಿ ಸಕ್ಕರೆ ಜಾಮು. ಅಯೋವಾದ ಎಲ್ಕ್ ಹಾರ್ನ್ ಅನ್ನೋ ಊರಲ್ಲಿ 1848ರಲ್ಲಿ ಡೆನ್ಮಾರ್ಕಲ್ಲಿ ಕಟ್ಟಿದ ನಿಜವಾದ ಗಾಳಿಗಿರಣಿ ಇದೆ, 1976ರಲ್ಲಿ ಬಿಚ್ಚಿ ತುಂಡುತುಂಡಾಗಿ ಹಡಗಲ್ಲಿ ತಂದು ಊರವರೇ ಮತ್ತೆ ಜೋಡಿಸಿದ್ರು.

ಇನ್ನೊಂದು ವಿಚಿತ್ರ, ಮೂಲ ದೇಶದಲ್ಲಿ ಮರೆತದ್ದು ಇಲ್ಲಿ ಗಟ್ಟಿಯಾಗಿ ಕೂತಿರತ್ತೆ. ಕೆನಡಾದ ಮಾನಿಟೋಬಾದಲ್ಲಿ ಗಿಮ್ಲಿ ಅಂತ ಊರು, 1875ರಲ್ಲಿ ಐಸ್‌ಲ್ಯಾಂಡಿನ ಜನ ಬಂದು ವಿನಿಪೆಗ್ ಸರೋವರದ ದಡದಲ್ಲಿ ನೆಲೆಯಾದ್ರು. ಅವರ ಹಬ್ಬ 1890ರಲ್ಲಿ ವಿನಿಪೆಗ್‌ನಲ್ಲಿ ಶುರುವಾಗಿ 1932ರಿಂದ ಗಿಮ್ಲೀಲಿ ನಡೀತಿದೆ, ಆಗಸ್ಟ್ ಮೊದಲ ಸೋಮವಾರದ ಲಾಂಗ್ ವೀಕೆಂಡ್‌ಗೆ. 1924ರಿಂದ ಪ್ರತಿ ವರ್ಷ ಒಬ್ಬ ಹೆಂಗಸನ್ನ ‘ಫ್ಯಾಲ್ಕೋನಾ’, ಅಂದ್ರೆ ಬೆಟ್ಟದ ಹೆಂಗಸು, ಅಂತ ಆರಿಸ್ತಾರೆ. ಬ್ಯೂಟಿ ಕಾಂಟೆಸ್ಟ್ ಅಲ್ಲ ಅದು, ಸಮುದಾಯಕ್ಕೆ ದುಡಿದ ಹಿರಿಯ ಹೆಂಗಸಿಗೆ ಕೊಡೋ ಗೌರವ, ಬಿಳಿ ಗೌನು ಹಸಿರು ನಿಲುವಂಗಿ ಹಾಕ್ಕೊಂಡು ಐಸ್‌ಲ್ಯಾಂಡ್ ದೇಶವೇ ಮಾತಾಡ್ತಿರೋ ಹಾಗೆ ಮಾತಾಡ್ತಾರೆ. ಅಲ್ಲಿ ‘ವೀನಾರ್ತೆರ್ತಾ’ ಅಂತ ಒಣ ಪ್ಲಮ್ ಹಣ್ಣಿನ ಪೇಸ್ಟು ಹಚ್ಚಿದ ಪದರು ಪದರು ಕೇಕು, ಅದಿಲ್ಲದೆ ಕ್ರಿಸ್‌ಮಸ್ ಇಲ್ಲ, ಏಳೇ ಪದರು ಇರಬೇಕು, ಮೇಲೆ ಐಸಿಂಗ್ ಹಾಕಿದ್ರೆ ಕೆಲವರು ಕೋಪ ಮಾಡ್ಕೋತಾರೆ. ಅದೇ ಕೇಕು ಐಸ್‌ಲ್ಯಾಂಡಲ್ಲಿ ಎಂದೋ ಫ್ಯಾಷನ್ನಿಂದ ಹಿಂದೆ ಸರಿದಿದೆ. ಮನೆ ಬಿಟ್ಟು ಬಂದವರಿಗೆ ಮನೆಯ ಗಡಿಯಾರ ಹೊರಟ ದಿನಕ್ಕೇ ನಿಂತಿರತ್ತೆ ಅನ್ನೋದು ಇದಕ್ಕೇ ಇರಬೇಕು. ಇದಕ್ಕೆ ತದ್ವಿರುದ್ಧವಾಗಿ ಡೆನ್ಮಾರ್ಕಿನ ರೆಬಿಲ್ ಗುಡ್ಡದಲ್ಲಿ 1912ರಿಂದ ಅಮೆರಿಕದ ಜುಲೈ 4ರ ಸ್ವಾತಂತ್ರ್ಯ ದಿನ ಆಚರಿಸ್ತಾರೆ, ವಾಪಸ್ ಹೋದವರು, ನೋಡೋಕೆ ಹೋದವರು ಎಲ್ಲಾ ಸೇರಿ!

ಮೇ 17 ಬಗ್ಗೆ ಲೇಖನದಲ್ಲಿ ಒಂದೇ ಸಾಲು. ಅದು ನಾರ್ವೆಯ ಸಂವಿಧಾನ ದಿನ, 1814ರಲ್ಲಿ ಏಡ್ಸ್‌ವಾಲ್‌ನಲ್ಲಿ ಸಹಿಯಾಗಿದ್ದು. ಆದ್ರೆ ಅದೇ ವರ್ಷ ನಾರ್ವೆ ಸ್ವೀಡನ್ ರಾಜನ ಕೆಳಗೆ ಬಂತು, 1905ರವರೆಗೆ ಅದೇ ಸ್ಥಿತಿ, ಮಧ್ಯ ಒಂದಷ್ಟು ಕಾಲ ಆ ರಾಜ ಈ ದಿನದ ಆಚರಣೇನೇ ಬೇಡ ಅಂದಿದ್ದ. ಅಂದ್ರೆ ಸ್ವೀಡಿಷರ ಮೂಗಿಗೆ ಚುಚ್ಚೋ ಹಬ್ಬ, ಇಲ್ಲಿ ಸ್ವೀಡಿಷರೂ ಬಂದು ಹಾಟ್‌ಡಾಗ್ ತಿಂತಾರೆ. ನಾರ್ವೇಲಿ ಅವತ್ತು ಸೈನ್ಯದ ಕವಾಯತು ಮುಖ್ಯ ಅಲ್ಲ, ಶಾಲೆ ಮಕ್ಕಳ ಮೆರವಣಿಗೆ ಮುಖ್ಯ. ವಿಸ್ಕಾನ್ಸಿನ್‌ನ ಸ್ಟೋಟನ್‌ನಲ್ಲಿ ಆ ವಾರಾಂತ್ಯ ಊರಿಗೂರೇ ಬೀದೀಲಿರತ್ತೆ, ಆ ರಾಜ್ಯದ ರಾಜಧಾನಿ ಮ್ಯಾಡಿಸನ್‌ನಿಂದ (ಮೀನಿನ ಮ್ಯಾಡಿಸನ್ ಅಲ್ಲ) ಅಲ್ಲಿಗೆ 20 ಮೈಲಿ ಓಟ ಬೇರೆ. ಅಲ್ಲಿನ ಹೈಸ್ಕೂಲಿನ ನಾರ್ವೇಜಿಯನ್ ಡ್ಯಾನ್ಸರ್ಸ್ ತಂಡ 1953ರಿಂದ ಇದೆ, ಹುಡುಗರು ಕೋಲಿನ ತುದೀಲಿಟ್ಟ ಟೋಪಿಯನ್ನ ನೆಗೆದು ಕಾಲಲ್ಲಿ ಒದೀತಾರೆ, ನೋಡೋಕೆ ಎದೆ ಝಲ್ ಅನ್ನತ್ತೆ. ಅದಕ್ಕೆ ಸೇರೋದು ಆಡಿಷನ್ ಕೊಟ್ಟು, ಮುತ್ತಜ್ಜ ಯಾವೂರು ಅಂತ ಕೇಳಲ್ಲ. ಅದೇ ಊರಲ್ಲಿ ಪೇರ್ ಲಿಸ್ನೆ ಅಂತ ಒಬ್ಬ, ಗಾಡಿ ಕಾರ್ಖಾನೇಲಿ ಬಣ್ಣ ಬಳಿಯೋ ಕೆಲಸದವನು, 1930ರ ಮುಗ್ಗಟ್ಟಿನ ಕಾಲದಲ್ಲಿ ಕೆಲಸ ಇಲ್ಲದೆ ಮರದ ತಟ್ಟೆಗಳ ಮೇಲೆ ಬಳ್ಳಿ ಹೂವು ಬರೆದು ಮಾರೋಕೆ ಶುರು ಮಾಡಿದ. ರೋಸೆಮಾಲಿಂಗ್ ಅಂತಾರೆ ಆ ಚಿತ್ರಕಲೆಗೆ. ಇವತ್ತು ಎಲ್ಲಾ ಹಬ್ಬದಲ್ಲೂ ಕಾಣೋ ಆ ಸುರುಳಿ ಹೂವಿನ ಹಿಂದೆ ಕೆಲಸ ಕಳ್ಕೊಂಡ ಒಬ್ಬ ಪೇಂಟರ್ ಇದ್ದಾನೆ, ಇದನ್ನ ನಿಮ್ಮ ಲೇಖನದಲ್ಲಿ ಓದೋಕೆ ನನಗೆ ಇಷ್ಟ ಆಗ್ತಿತ್ತು.

ಸಂಘಗಳ ಕಥೇನೂ ಹಾಗೇ. ಸನ್ಸ್ ಆಫ್ ನಾರ್ವೆ ಶುರುವಾಗಿದ್ದು 1895ರಲ್ಲಿ, ಇದೇ ಊರಲ್ಲಿ, 18 ಜನರಿಂದ. ಡ್ಯಾನ್ಸ್ ಮಾಡೋಕಲ್ಲ. 1893ರಲ್ಲಿ ಬ್ಯಾಂಕುಗಳು ಮುಳುಗಿ ಕೆಲಸ ಹೋಗಿದ್ದ ಕಾಲ, ಯಾರಾದ್ರೂ ಕಾಯಿಲೆ ಬಿದ್ರೆ, ಸತ್ರೆ, ಸಂಸಾರ ಬೀದಿಗೆ ಬರಬಾರದು ಅಂತ ಕೈಯಿಂದ ಕೈಗೆ ದುಡ್ಡು ಹಾಕಿ ಕಟ್ಟಿದ ವಿಮೆ. ಹಬ್ಬ, ಹಾಡು, ಕುಣಿತ ಎಲ್ಲಾ ಅದರ ಬೆನ್ನಿಗೆ ಬಂದವು.

ಈ ಹಬ್ಬಗಳಲ್ಲಿ ಹೇಳದ ಮಾತೂ ಒಂದಿದೆ. 1862ರ ಹೋಮ್‌ಸ್ಟೆಡ್ ಕಾನೂನಿನಲ್ಲಿ (ನೆಲೆಸಿ ಉಳುಮೆ ಮಾಡೋರಿಗೆ ಸರ್ಕಾರಿ ಜಮೀನು ಕೊಡೋ ಕಾನೂನು) 160 ಎಕರೆ ಸಿಕ್ಕಿತು ಅಂತ ಸ್ಟೇಜ್ ಮೇಲೆ ಹೆಮ್ಮೆಯಿಂದ ಹೇಳ್ತಾರೆ, ಆ ನೆಲ ಯಾರ ಕೈಯಿಂದ ಬಂತು ಅಂತ ಹೇಳೋದು ಕಡಿಮೆ. ಅದೇ 1862ರಲ್ಲೇ ಮಿನ್ನೆಸೋಟದಲ್ಲಿ ಡಕೋಟ ಅನ್ನೋ ಮೂಲನಿವಾಸಿಗಳ ಜೊತೆ ಯುದ್ಧ ಆಯ್ತು, ಮರುವರ್ಷ ಅವರನ್ನ ರಾಜ್ಯದಿಂದಲೇ ಓಡಿಸಿದ್ರು. ನಾರ್ತ್ ಡಕೋಟಾದ ಸ್ಪಿರಿಟ್ ಲೇಕ್‌ನಲ್ಲಿ ಡಕೋಟ ಜನಕ್ಕೆ ಅಂತ ಉಳಿಸಿದ್ದ ನೆಲವನ್ನೂ 1904ರಲ್ಲಿ ವಲಸೆಗಾರರಿಗೆ ತೆರೆದ್ರು, ತಗೊಂಡವರಲ್ಲಿ ಸ್ಕ್ಯಾಂಡಿನೇವಿಯನ್ನರು ಬೇಕಾದಷ್ಟಿದ್ರು. ಇದನ್ನ ಪಕ್ಕದ ಮನೆ ಅಜ್ಜಿ ಹತ್ರ ಒಂದ್ಸಲ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, ‘ನಮ್ಮಜ್ಜಿ ಆ ಹೆಂಗಸರಿಗೆ ಬ್ರೆಡ್ ಕೊಡ್ತಿದ್ರಂತೆ’ ಅಂದ್ರು, ಆಮೇಲೆ, ‘ಅವರ ನೆಲದ ಗೋಧೀಲಿ ಮಾಡಿದ್ದು’ ಅಂದ್ರು. ಮಾತು ಅಲ್ಲಿಗೆ ನಿಂತಿತು.

ಮೈನಾಟ್‌ಗೆ ನಾನು ಒಂದೇ ಸಲ ಹೋಗಿದ್ದೀನಿ, ಸೆಪ್ಟೆಂಬರ್ ಕೊನೇಲಿ. ಹೋಸ್ಟ್‌ಫೆಸ್ಟ್ ನೋಡಿ ಸುಸ್ತಾಗಿ ಊರ ಮಧ್ಯದ ಸ್ಕ್ಯಾಂಡಿನೇವಿಯನ್ ಹೆರಿಟೇಜ್ ಪಾರ್ಕಲ್ಲಿ ಕೂತಿದ್ದೆ. ನಾರ್ವೆಯ ಗೋಲ್ ಮರದ ಚರ್ಚಿನ ಪ್ರತಿಕೃತಿ, ಸ್ವೀಡಿಷರ ಮರದ ಆಟಿಕೆ ಕೆಂಪು ದಾಲಾ ಕುದುರೆ ಮನೆಯಷ್ಟು ಎತ್ತರ, ಫಿನ್ನರ ಸೌನಾ ಅನ್ನೋ ಉಗಿಸ್ನಾನದ ಮನೆ, ಡೇನಿಷ್ ಗಾಳಿಗಿರಣಿ, ಎಲ್ಲಾ ಒಂದೇ ಕಡೆ. ಪಕ್ಕದಲ್ಲಿ ಸೋಂಡ್ರೆ ನೋರ್ಹೈಮ್ ಪ್ರತಿಮೆ. ಈಗಿನ ಸ್ಕೀಯಿಂಗ್‌ಗೆ ಅಪ್ಪ ಅಂತಾರೆ ಅವನಿಗೆ, ನಾರ್ವೆಯ ಮೊರ್ಗೆಡಾಲ್‌ನ ಬಡವ, ಅರವತ್ತರ ಹತ್ರ ಬಂದ ಮೇಲೆ 1884ರಲ್ಲಿ ವಲಸೆ ಬಂದು ಕೊನೆಗೆ ಮೈನಾಟ್ ಪಕ್ಕದ ಡೆನ್ಬಿ ಅನ್ನೋ ಕಡೆ 1897ರಲ್ಲಿ ಸತ್ತ. ಆ ಸೀಮೆ ರೊಟ್ಟಿ ಹೆಂಚಿನಷ್ಟು ಚಪ್ಪಟೆ, ಇಳಿಯೋಕೆ ಒಂದು ದಿಬ್ಬ ಇಲ್ಲ. ಆದ್ರೂ ಮನೆ ಬಾಗಿಲಲ್ಲಿ ಸ್ಕೀ ಒರಗಿಸಿಡ್ತಿದ್ದ ಅಂತ ಅಲ್ಲಿ ಹೇಳ್ತಾರೆ. ನಿಮ್ಮ ಲೇಖನಕ್ಕೆ ನನ್ನ ಕೈಯಲ್ಲಿದ್ರೆ ಅವನ ಫೋಟೋ ಹಾಕ್ತಿದ್ದೆ.

ಈ ವರ್ಷ ನಮ್ಮ ಚರ್ಚಿನ ಲೆಫ್ಸೆ ಟೇಬಲ್ಲಲ್ಲಿ ಒಂಬತ್ತೇ ಅಜ್ಜಿಯರು. ಇಬ್ಬರು ಸೊಮಾಲಿ ಹುಡುಗೀರು ಬಂದಿದ್ರು, ಪಕ್ಕದ ಶಾಲೆಯವರು, ಸಮಾಜಸೇವೆ ಗಂಟೆ ಲೆಕ್ಕಕ್ಕೆ ಬಂದು ಆಮೇಲೆ ಲೆಕ್ಕ ಮುಗಿದ ಮೇಲೂ ಬಂದ್ರು. ಅವರ ಕೈ ನನ್ನ ಕೈಗಿಂತ ಚುರುಕು. ನನಗೆ ಈಗ ಹೆಂಚಿನ ಕೆಲಸಕ್ಕೆ ಬಡ್ತಿ ಸಿಕ್ಕಿದೆ.

ಫೋಟೋ ಕೆಳಗಿನ ಸಾಲು ಆನ್‌ಲೈನ್ ಆವೃತ್ತೀಲಾದ್ರೂ ತಿದ್ದಿ. ನಿಮ್ಮ ಓದುಗರ ಮಕ್ಕಳು ಯಾರಾದ್ರೂ ಈ ಕಡೆ ಇದ್ದು, ಅಪ್ಪ ಅಮ್ಮ ನೋಡೋಕೆ ಬರೋದಿದ್ರೆ ಸ್ಟೋಟನ್‌ಗೆ ಮೇನಲ್ಲಿ ಬರಲಿ, ಡೆಕೋರಾಗೆ ಜುಲೈ ಕೊನೇಲಿ, ಮೇ ಅಂದ್ರೂ ಇಲ್ಲಿ ಸ್ವೆಟರ್ ಬೇಕು. ಲೂಟಫಿಸ್ಕ್ ಊಟಕ್ಕೆ ಬಂದ್ರೆ ಬೆಳ್ಳಿ ಚಮಚ ತರಬೇಡಿ, ಆ ಮೀನು ತಾಗಿದ್ರೆ ಕಪ್ಪಾಗತ್ತೆ, ಉಜ್ಜಿದ್ರೂ ಹೋಗಲ್ಲ.

ಇಂತಿ,
ನಿಮ್ಮ ಹಳೇ ಓದುಗ,
ಮಿನಿಯಾಪೊಲಿಸ್